ಹೈಸ್ಕೂಲ್ ಮಕ್ಕಳ ಮಂಡಿನೋವು: ಎಕ್ಸ್‌ರೇಯಲ್ಲಿ ‘ಗಡ್ಡೆ’ ಅಂತ ಬಂದರೆ ಮುಂದೇನು?

ಆಟದ_ಬಯಲು (ಹೊಸನಗರ)

ಹೊಸನಗರ, ಸಾಗರ ಕಡೆಯ ಪಿ.ಟಿ. ಮೇಷ್ಟ್ರುಗಳ ಪರವಾಗಿ ಕೇಳ್ತಿದ್ದೇನೆ. ಖೋಖೋ, ವಾಲಿಬಾಲ್ ಪ್ರಾಕ್ಟೀಸ್ ಶುರುವಾದ ಕೂಡಲೇ 8ರಿಂದ 10ನೇ ಕ್ಲಾಸಿನ ಮಕ್ಕಳು ಮಂಡಿ ಹಿಡಿದು ಕೂರ್ತಾರೆ. ಹೆಚ್ಚಿನವರದ್ದು ಒಂದು ವಾರದಲ್ಲಿ ಹೋಗುತ್ತೆ. ಕೆಲವರದ್ದು ಹೋಗಲ್ಲ. ಎಕ್ಸ್‌ರೇ ತೆಗೆಸಿದರೆ ‘ಬಿನೈನ್ ಲೀಷನ್’ ಅಂತ ವರದಿ ಬರುತ್ತೆ, ಮನೆಯವರಿಗೆ ಅದು ‘ಗಡ್ಡೆ’ ಅಂತ ಕೇಳಿಸುತ್ತೆ, ಅಲ್ಲಿಗೆ ಮನೆಮಂದಿ ಊಟ ಬಿಡ್ತಾರೆ. ಯಾವ ನೋವಿಗೆ ಕಾಯಬಹುದು, ಯಾವುದಕ್ಕೆ ಕಾಯಬಾರದು? ಕ್ಯಾನ್ಸರ್ ಅಲ್ಲದ ಈ ಗಡ್ಡೆಗಳಿಗೆಲ್ಲ ಆಪರೇಷನ್ ಬೇಕಾ? ಆಟ ಬಿಡಿಸಬೇಕಾ? ಬರೀ ಧೈರ್ಯ ಹೇಳೋದು ಬೇಡ, ವಿಷಯ ಹೇಳಿ.

ತುಂಗಾ_ದಂಡೆ (ಮೂಳೆ ವಿಭಾಗ)

ಮೇಷ್ಟ್ರೇ, ಈ ವಯಸ್ಸಿನ ಮಂಡಿನೋವಿನಲ್ಲಿ ಬಹುಪಾಲಿಗೂ ಗಡ್ಡೆಗೂ ಸಂಬಂಧವೇ ಇಲ್ಲ. ಮಂಡಿಚಿಪ್ಪಿನ ಕೆಳಗೆ ಎರಡು ಮೂರು ಬೆರಳಿನಷ್ಟು ದೂರದಲ್ಲಿ ಮೂಳೆ ಉಬ್ಬಿರುತ್ತೆ, ಒತ್ತಿದರೆ ಚುಳ್ ಅನ್ನುತ್ತೆ, ಮಂಡಿಯೂರಿ ಕೂರಕ್ಕಾಗಲ್ಲ, ಜಿಗಿದರೆ ಜಾಸ್ತಿ. ಅದು ಆಸ್‌ಗುಡ್-ಷ್ಲಾಟರ್. ಅಮೆರಿಕದಲ್ಲೊಬ್ಬರು, ಸ್ವಿಟ್ಜರ್ಲೆಂಡಿನಲ್ಲೊಬ್ಬರು 1903ರಲ್ಲೇ ಬೇರೆ ಬೇರೆಯಾಗಿ ವಿವರಿಸಿದ ತೊಂದರೆ. ಗಡ್ಡೆ ಅಲ್ಲ, ಸ್ನಾಯುರಜ್ಜು ಬೆಳೆಯುವ ಮೂಳೆಯನ್ನು ಎಳೆದೆಳೆದು ಆಗುವ ಊತ. ಬೆಳವಣಿಗೆ ನಿಂತರೆ ಅದೂ ನಿಲ್ಲುತ್ತೆ, ಉಬ್ಬು ಮಾತ್ರ ಉಳಿಯಬಹುದು.

‘ಬೆಳೆಯೋ ನೋವು’ ಅಂತ ಮನೆಯಲ್ಲಿ ಹೇಳ್ತಾರಲ್ಲ, ಅದು ಸುಮಾರು 3ರಿಂದ 12 ವರ್ಷದವರಿಗೆ. ಎರಡೂ ಕಾಲಿಗೆ, ಸಂಜೆ ಅಥವಾ ರಾತ್ರಿ ಬರುತ್ತೆ, ಬೆಳಗ್ಗೆ ಎದ್ದು ಓಡಾಡ್ತಾರೆ, ಕುಂಟಲ್ಲ. 14 ವರ್ಷದ ಹುಡುಗನಿಗೆ ಒಂದೇ ಕಾಲಿನಲ್ಲಿ ಮೂರು ವಾರದಿಂದ ನೋವಿದ್ದರೆ ಅದಕ್ಕೆ ಆ ಹೆಸರು ಇಡಬೇಡಿ.

ಕಾಯಬಾರದ ನೋವು ಹೇಗಿರುತ್ತೆ ಅಂದರೆ: ಒಂದೇ ಕಾಲು, ಬೆರಳಿಟ್ಟು ತೋರಿಸುವಷ್ಟು ಒಂದೇ ಜಾಗ. ಆಡಲಿ ಬಿಡಲಿ ಇದ್ದೇ ಇರುತ್ತೆ. ನಿದ್ದೆಯಿಂದ ಎಬ್ಬಿಸುತ್ತೆ. ಗಂಟು ವಾರದಿಂದ ವಾರಕ್ಕೆ ದೊಡ್ಡದಾಗುತ್ತೆ, ಅಥವಾ ತೊಡೆ ಸೊರಗುತ್ತೆ. ಜೊತೆಗೆ ಜ್ವರ, ತೂಕ ಇಳಿಯೋದು ಇದ್ದರಂತೂ ಕೇಳಲೇಬೇಡಿ. ಮಕ್ಕಳಲ್ಲಿ ಕಾರಣ ತಿಳಿಯದ ಮೂಳೆನೋವು ಅಥವಾ ಊತ ಇದ್ದರೆ 48 ಗಂಟೆಯೊಳಗೆ ಎಕ್ಸ್‌ರೇ ಆಗಬೇಕು ಅಂತ ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತೆ. ನಮ್ಮಲ್ಲಿ ಆ ವಾರದ ಸಂತೆಗೆ ಪೇಟೆಗೆ ಬರೋ ಹೊತ್ತಿಗಾದರೂ ಆಗಲಿ. ಮುಂದಿನ ರಜೆಗೆ ಅಂತ ಮುಂದೂಡೋದು ಬೇಡ.

ಮಂಡಿಯ ಸುತ್ತಲೇ ಇಷ್ಟೊಂದು ಗಡ್ಡೆ ಯಾಕೆ ಅನ್ನೋದಕ್ಕೂ ಕಾರಣ ಇದೆ. ತೊಡೆ ಮೂಳೆಯ ಉದ್ದದಲ್ಲಿ ಸುಮಾರು ಶೇ. 70ರಷ್ಟು ಬೆಳೆಯೋದು ಅದರ ಕೆಳತುದಿಯ ಗ್ರೋತ್ ಪ್ಲೇಟಿನಿಂದ (ಮೂಳೆ ಉದ್ದವಾಗುವ ಮೆತ್ತೆಲುಬಿನ ಪದರ), ವರ್ಷಕ್ಕೆ ಹೆಚ್ಚುಕಡಿಮೆ 9–10 ಮಿ.ಮೀ. ಮಂಡಿ ಕೆಳಗಿನ ದಪ್ಪ ಮೂಳೆ, ಟಿಬಿಯಾ, ಅದೂ ಅರ್ಧಕ್ಕಿಂತ ಹೆಚ್ಚು ಬೆಳೆಯೋದು ಮೇಲ್ತುದಿಯಿಂದ. ಕೆಲಸ ಜೋರಾಗಿ ನಡೆಯುವ ಕಡೆಯೇ ಎಡವಟ್ಟೂ ಜಾಸ್ತಿ.

ಹೊಳೆಬದಿ

ಬಿದ್ದ ಪೆಟ್ಟಿನಿಂದಲೇ ಗಡ್ಡೆ ಆಗೋದು ಅಂತ ನಮ್ಮಲ್ಲಿ ಎಲ್ಲರೂ ಹೇಳ್ತಾರೆ. ತೋಟದ ಸಂಕದ ಮೇಲೆ ಜಾರಿದ, ಆಮೇಲೆ ಶುರುವಾಯ್ತು ಅಂತ. ಹೌದಾ?

ತುಂಗಾ_ದಂಡೆ

ಇಲ್ಲ. ಬಿದ್ದಾಗ ಎಕ್ಸ್‌ರೇ ತೆಗೀತಾರೆ, ಆಗ ಮೊದಲೇ ಇದ್ದದ್ದು ಕಣ್ಣಿಗೆ ಬೀಳುತ್ತೆ. ಅಥವಾ ಗಡ್ಡೆಯಿಂದ ತೆಳುವಾದ ಮೂಳೆ ಸಣ್ಣ ಪೆಟ್ಟಿಗೇ ಬಿರುಕು ಬಿಡುತ್ತೆ. ಹಾಲು ಕಡಿಮೆ ಕುಡಿದದ್ದಕ್ಕೂ ಬರಲ್ಲ, ಯಾರದೋ ದೃಷ್ಟಿಗೂ ಬರಲ್ಲ.

ಕತ್ತಲೆಕೋಣೆ (ಎಕ್ಸ್‌ರೇ ವಿಭಾಗ)

ನಮ್ಮ ಕಡೆಯಿಂದ ಎರಡು ಮಾತು. ‘ಮಂಡಿ ಎಕ್ಸ್‌ರೇ’ ಅಂತಷ್ಟೇ ಚೀಟಿ ಬಂದರೆ ಅರ್ಧ ಕೆಲಸ ಅಲ್ಲೇ ಕೆಟ್ಟಿತು. ಎದುರಿನಿಂದ ಒಂದು, ಮಂಡಿಯನ್ನು 20–30 ಡಿಗ್ರಿ ಮಡಿಸಿ ಪಕ್ಕದಿಂದ ಒಂದು, ಎರಡೂ ಬೇಕು. ತೊಡೆ ಮೂಳೆಯ ಹಿಂಬದಿಗೆ ಅಂಟಿಕೊಂಡು ಬೆಳೆದ ಗಡ್ಡೆ ಎದುರಿನ ಚಿತ್ರದಲ್ಲಿ ಮೂಳೆಯ ನೆರಳಿನೊಳಗೆ ಮುಳುಗಿರುತ್ತೆ, ಪಕ್ಕದಿಂದ ತೆಗೆದರೆ ಕೋಡಿನ ಹಾಗೆ ಎದ್ದು ನಿಲ್ಲುತ್ತೆ. ಕೀಲಿನ ಮೇಲೂ ಕೆಳಗೂ ಒಂದು ಗೇಣಿನಷ್ಟು ಮೂಳೆ ಚೌಕಟ್ಟಿನೊಳಗೆ ಬರಬೇಕು. ಮಂಡಿಯನ್ನಷ್ಟೇ ಹಿಡಿದು ಕಿರಣ ಬೀಳುವ ಜಾಗವನ್ನು ಬಿಗಿಯಾಗಿ ಕಿರಿದು ಮಾಡಿದರೆ ಗಡ್ಡೆ ಅಂಚಿನಲ್ಲೇ ಕತ್ತರಿಸಿ ಹೋಗುತ್ತೆ. ಈ ತಪ್ಪು ಆಗಾಗ ಆಗುತ್ತೆ, ಒಪ್ಪಿಕೊಳ್ಳಬೇಕು.

ಇನ್ನೊಂದು, ಮಂಡಿ ನೋವು ಅಂತ ಬಂದ ಮಗುವಿನ ಹಿಪ್ ಜಾಯಿಂಟೂ ನೋಡಬೇಕು. ಹಿಪ್ಪಿನ ನೋವು ನರದ ದಾರಿ ಹಿಡಿದು ಮಂಡಿಯಲ್ಲಿ ಕಾಣಿಸಿಕೊಳ್ಳುತ್ತೆ. ಮಂಡಿ ಚಿತ್ರ ಚೊಕ್ಕ ಇದ್ದು ಮಗು ಕುಂಟುತ್ತಿದ್ದರೆ ಸೊಂಟದ ಎಕ್ಸ್‌ರೇ, ನೇರ ಒಂದು, ಕಪ್ಪೆಯ ಹಾಗೆ ಕಾಲು ಅಗಲಿಸಿ ಒಂದು.

ವಿಕಿರಣದ ಭಯ ಬೇಡ. ಮಂಡಿಯ ಒಂದು ಎಕ್ಸ್‌ರೇಯಿಂದ ಬೀಳೋದು ನಮಗೆ ಮಣ್ಣು, ಗಾಳಿ, ಆಕಾಶದಿಂದ ಒಂದು ದಿನಕ್ಕೆ ಬೀಳುವುದಕ್ಕಿಂತ ಹೆಚ್ಚಲ್ಲ.

ತುಂಗಾ_ದಂಡೆ

ಕತ್ತಲೆಕೋಣೆ ಹೇಳಿದ ಹಿಪ್ಪಿನ ಮಾತಿಗೆ ಅಡಿಗೆರೆ ಎಳೀರಿ. 10ರಿಂದ 16ರೊಳಗಿನ, ಸ್ವಲ್ಪ ದಪ್ಪಗಿರುವ ಮಗು, ಪಾದ ಹೊರಗೆ ತಿರುಗಿಸಿ ಕುಂಟುತ್ತೆ, ಮಲಗಿಸಿ ತೊಡೆ ಮಡಿಸಿದರೆ ಮಂಡಿ ತಾನಾಗಿ ಹೊರಕ್ಕೆ ಹೋಗುತ್ತೆ: ತೊಡೆ ಮೂಳೆಯ ತಲೆ ಗ್ರೋತ್ ಪ್ಲೇಟಿನಲ್ಲಿ ಜಾರಿರಬಹುದು. ಗಡ್ಡೆ ಅಲ್ಲ, ಆದರೆ ಗಡ್ಡೆಗಿಂತ ಅವಸರದ್ದು. ಆ ಮಗುವನ್ನು ನಡೆಸಬೇಡಿ, ಎತ್ತಿಕೊಂಡೇ ಆಸ್ಪತ್ರೆಗೆ.

ಈಗ ಗಡ್ಡೆಗಳಿಗೆ ಬರ್ತೇನೆ. ಮೂಳೆಯನ್ನು ಮೂರು ಭಾಗ ಮಾಡಿಕೊಳ್ಳಿ: ಕೀಲಿಗೆ ತಾಗಿದ ತುದಿ, ಗ್ರೋತ್ ಪ್ಲೇಟ್ ದಾಟಿದ ಮೇಲೆ ಸಿಗುವ ಕತ್ತು, ಆಮೇಲೆ ದಿಂಡು. ಮಗುವಿನ ವಯಸ್ಸು ಮತ್ತು ಗಡ್ಡೆ ಕೂತ ಜಾಗ, ಇವೆರಡು ಗೊತ್ತಾದರೆ ಅರ್ಧಕ್ಕರ್ಧ ಹೆಸರು ಹೇಳಬಹುದು.

ಅತಿ ಸಾಮಾನ್ಯವಾದದ್ದು ಆಸ್ಟಿಯೋಕಾಂಡ್ರೋಮ. ಕತ್ತಿನಿಂದ ಹುಟ್ಟಿ ಕೀಲಿನಿಂದ ದೂರಕ್ಕೆ ಮುಖ ಮಾಡಿ ಬೆಳೆಯುತ್ತೆ. ಮರದ ಕೊಂಬೆ ನೆನೆಸಿಕೊಳ್ಳಿ: ಕಾಂಡದ ತೊಗಟೆಯೇ ಕೊಂಬೆಯ ತೊಗಟೆ, ಕಾಂಡದ ತಿರುಳೇ ಕೊಂಬೆಯ ತಿರುಳು. ಎಕ್ಸ್‌ರೇಯಲ್ಲಿ ಹಾಗೆ ಎರಡೂ ಮುಂದುವರಿದಿದ್ದರೆ ಬೇರೆ ಏನೂ ಅಲ್ಲ ಅದು. ತುದಿಯಲ್ಲಿ ಮೆತ್ತೆಲುಬಿನ ಟೊಪ್ಪಿ ಇರುತ್ತೆ, ಅದು ಎಕ್ಸ್‌ರೇಯಲ್ಲಿ ಕಾಣಲ್ಲ, ಅದಕ್ಕೇ ಕೈಗೆ ಸಿಗುವ ಗಂಟು ಚಿತ್ರದ್ದಕ್ಕಿಂತ ದೊಡ್ಡದು. ಗಡ್ಡೆಗೆ ತನ್ನದೇ ನೋವಿಲ್ಲ. ನೋವು ಬರೋದು ಸುತ್ತಲಿನದ್ದಕ್ಕೆ: ಮಂಡಿಯ ಒಳಬದಿಯಲ್ಲಿ ಹಾದು ಹೋಗುವ ಸ್ನಾಯುರಜ್ಜು ಗಂಟಿನ ಮೇಲೆ ‘ಟಕ್’ ಅಂತ ಹಾರುತ್ತೆ, ಉಜ್ಜಿ ಉಜ್ಜಿ ನೀರಿನ ಚೀಲ ಕಟ್ಟುತ್ತೆ, ವಾಲಿಬಾಲಿನಲ್ಲಿ ಬಿದ್ದು ತೊಟ್ಟು ಮುರಿಯುತ್ತೆ. ಮಂಡಿಯ ಹೊರಬದಿ, ಫಿಬುಲಾ ಅನ್ನೋ ಕೆಳಗಾಲಿನ ತೆಳು ಮೂಳೆಯ ಕತ್ತಿನಲ್ಲಿದ್ದರೆ ಜಾಗ್ರತೆ. ಅಲ್ಲಿ ಸುತ್ತಿಕೊಂಡು ಹೋಗುವ ನರ ಒತ್ತಿದರೆ ಪಾದ ಎತ್ತಲಾಗಲ್ಲ, ಚಪ್ಪಲಿ ಕಾಲಿಂದ ಜಾರುತ್ತೆ.

ನೋವಿಲ್ಲದಿದ್ದರೆ ಬಿಟ್ಟುಬಿಡಿ. ತೆಗೆಯಲೇಬೇಕಾದರೂ ಆದಷ್ಟು ಬೆಳವಣಿಗೆ ಮುಗಿಯಲು ಬಿಡ್ತೇವೆ, ಗ್ರೋತ್ ಪ್ಲೇಟ್ ಪಕ್ಕದಲ್ಲೇ ಉಳಿ ಆಡಿಸಿದರೆ ಕಾಲು ಸೊಟ್ಟಗಾಗಬಹುದು. ತೆಗೆಯುವಾಗ ಟೊಪ್ಪಿ, ಅದರ ಮೇಲಿನ ಪೊರೆ ಪೂರ್ತಿ ಬರಬೇಕು, ಚೂರು ಉಳಿದರೂ ಮತ್ತೆ ಚಿಗುರುತ್ತೆ. ಮಗು ಬೆಳೆಯೋದು ನಿಂತ ಮೇಲೂ ಗಂಟು ಬೆಳೀತಿದ್ದರೆ, ಅಥವಾ ದೊಡ್ಡವರಾದ ಮೇಲೆ ಟೊಪ್ಪಿಯ ದಪ್ಪ 2 ಸೆಂ.ಮೀ. ದಾಟಿದರೆ, ಅದು ಕ್ಯಾನ್ಸರಿಗೆ ತಿರುಗಿದ ಸಂಶಯ. ಒಂಟಿ ಗಡ್ಡೆಯಲ್ಲಿ ಹಾಗಾಗೋದು ನೂರಕ್ಕೆ ಒಂದಕ್ಕಿಂತ ಕಡಿಮೆ.

ಹೊಳೆಬದಿ

ಮೈಯೆಲ್ಲ ಇಂಥ ಗಂಟು ಇರೋರೂ ಇದ್ದಾರಲ್ಲ ಮಾರಾಯ್ರೆ, ಅಪ್ಪನಿಗೂ ಮಗನಿಗೂ?

ಗಾಜಿನ_ಚೂರು (ಪೆಥಾಲಜಿ)

ಅದು ವಂಶದಲ್ಲಿ ಬರೋದು. ಇಎಕ್ಸ್‌ಟಿ1, ಇಎಕ್ಸ್‌ಟಿ2 ಅನ್ನೋ ಜೀನುಗಳ ದೋಷ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡು ಹೆಣ್ಣು ಅಂತ ಭೇದ ಇಲ್ಲ. ಅವರಲ್ಲಿ ಕ್ಯಾನ್ಸರಿಗೆ ತಿರುಗುವ ಅಪಾಯ ಒಂಟಿ ಗಡ್ಡೆಗಿಂತ ಹೆಚ್ಚು. ಮುಂಗೈ ಬಾಗೋದು, ಮಂಡಿ ಒಳಕ್ಕೆ ಸೇರೋದು, ಒಂದು ಕಾಲು ಗಿಡ್ಡವಾಗೋದು ಇದೆ, ಹಾಗಾಗಿ ವರ್ಷಕ್ಕೊಮ್ಮೆ ತೋರಿಸಿಕೊಳ್ಳೋದು ಒಳ್ಳೇದು.

ಕತ್ತಲೆಕೋಣೆ

ಎಕ್ಸ್‌ರೇ ಕೋಣೆಯಲ್ಲಿ ಇನ್ನೊಂದು ಪದೇ ಪದೇ ಸಿಗುತ್ತೆ, ಅದನ್ನೂ ಹೇಳಿಬಿಡಿ ಡಾಕ್ಟ್ರೇ. ಪೆಟ್ಟು ಬಿತ್ತು ಅಂತ ಬಂದವರಲ್ಲಿ ತೊಡೆ ಮೂಳೆಯ ಕತ್ತಿನಲ್ಲಿ ಸೋಪಿನ ಗುಳ್ಳೆ ಗೊಂಚಲಿನ ಹಾಗೆ.

ತುಂಗಾ_ದಂಡೆ

ಅದೇ ನಾನ್ ಆಸಿಫೈಯಿಂಗ್ ಫೈಬ್ರೋಮ. ಸಣ್ಣದಿದ್ದಾಗ ಫೈಬ್ರಸ್ ಕಾರ್ಟಿಕಲ್ ಡಿಫೆಕ್ಟ್ ಅಂತಾರೆ. ಹೆಸರು ಕೇಳಿ ಹೆದರಬೇಡಿ. ಬೆಳೆಯುವ ಮಕ್ಕಳಲ್ಲಿ ಮೂರರಲ್ಲಿ ಒಬ್ಬರ ಮೂಳೆಯಲ್ಲಿ ಇಂಥದ್ದೊಂದು ಇರಬಹುದು ಅಂತ ಅಂದಾಜು, ಬಹುತೇಕರಿಗೆ ಜೀವಮಾನದಲ್ಲೇ ಗೊತ್ತಾಗಲ್ಲ. ಮೂಳೆಯ ಮಧ್ಯದಲ್ಲಲ್ಲ, ಒಂದು ಪಕ್ಕದ ಗೋಡೆಗೆ ಒರಗಿ ಕೂತಿರುತ್ತೆ, ಸುತ್ತ ತೆಳ್ಳಗೆ ಬಿಳಿ ಗೆರೆ.

ಆ ಗೆರೆ ಮುಖ್ಯ. ನಮ್ಮ ಕಡೆ ಗದ್ದೆಗೆ ಅಂಚು ಕಟ್ಟೋದು ನೀರು ನಿಧಾನವಾಗಿ ಏರೋ ಕಾಲದಲ್ಲಿ, ಹೊಳೆ ನುಗ್ಗಿದ ದಿನ ಅಂಚು ಕಟ್ಟಕ್ಕಾಗುತ್ತಾ? ಗಡ್ಡೆ ಮೆಲ್ಲಗೆ ಬೆಳೆದರೆ ಮೂಳೆಗೆ ಸುತ್ತ ಗೋಡೆ ಕಟ್ಟಲು ಪುರುಸೊತ್ತಿರುತ್ತೆ. ಅಂಚೇ ಇಲ್ಲದೆ ಕರಗಿ ಹೋದ ಹಾಗಿದ್ದು, ಮೂಳೆಯ ಹೊರಪೊರೆ ತ್ರಿಕೋನವಾಗಿ ಎದ್ದಿದ್ದರೆ, ಸೂರ್ಯನ ಕಿರಣದ ಹಾಗೆ ಗೆರೆಗಳು ಹೊರಕ್ಕೆ ಚೆಲ್ಲಿದ್ದರೆ, ಅದು ಆಸ್ಟಿಯೋಸಾರ್ಕೋಮದ ಮುಖ. ಅದೂ ಇದೇ ವಯಸ್ಸಿಗೆ, ಇದೇ ಮಂಡಿಗೆ ಬರುವ ಕ್ಯಾನ್ಸರ್. ಅಂಥ ಚಿತ್ರ ಕಂಡ ದಿನವೇ ಮುಂದಕ್ಕೆ ಕಳಿಸಬೇಕು.

ಫೈಬ್ರೋಮಕ್ಕೆ ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸೋದು) ಬೇಡ, ಮಾತ್ರೆ ಬೇಡ. 6ರಿಂದ 12 ತಿಂಗಳಿಗೆ ಇನ್ನೊಂದು ಎಕ್ಸ್‌ರೇ. ಬೆಳವಣಿಗೆ ಮುಗಿದ ಮೇಲೆ, 20–30ರೊಳಗೆ, ಮೂಳೆಯೇ ತುಂಬಿಕೊಳ್ಳುತ್ತೆ. ದೊಡ್ಡದಾಗಿ ಮೂಳೆಯ ಅಗಲದ ಅರ್ಧಕ್ಕಿಂತ ಹೆಚ್ಚು ತಿಂದಿದ್ದರೆ ಮಾತ್ರ ಮುರಿಯುವ ಭಯ, ಆಗ ಜಿಗಿತ ನಿಲ್ಲಿಸಿ, ಕೆಲವರಿಗೆ ಕೆರೆದು ಮೂಳೆ ತುಂಬುತ್ತಾರೆ. ನೋವಿಗೂ ಈ ಚಿತ್ರಕ್ಕೂ ಗಂಟು ಹಾಕುವ ಮುಂಚೆ ಬೇರೆ ಕಾರಣ ಹುಡುಕಿ. ಸಣ್ಣ ಫೈಬ್ರೋಮ ನೋಯಲ್ಲ.

ಗಾಜಿನ_ಚೂರು

ಒಂದು ಸೇರಿಸಲಾ? ಇಂಥದ್ದು ಒಂದೇ ಮಗುವಿನಲ್ಲಿ ನಾಲ್ಕೈದು ಕಡೆ ಇದ್ದು, ಮೈಮೇಲೆ ಹಾಲು ಕಾಫಿ ಬಣ್ಣದ ಮಚ್ಚೆಗಳಿದ್ದರೆ ನ್ಯೂರೋಫೈಬ್ರೋಮಟೋಸಿಸ್ (ನರ, ಚರ್ಮಕ್ಕೆ ಬರುವ ಜೀನ್ ದೋಷದ ಕಾಯಿಲೆ) ಇದೆಯಾ ಅಂತ ನೋಡಬೇಕು. ಅಂಗಿ ಬಿಚ್ಚಿಸಿ ಬೆನ್ನು ನೋಡೋದಕ್ಕೆ ಅರ್ಧ ನಿಮಿಷ ಸಾಕು, ಯಾರೂ ನೋಡಲ್ಲ.

ಮೀನಖಂಡ (ಫಿಸಿಯೋ)

ರಾತ್ರಿ ನೋವು ತರುವ ಗಡ್ಡೆಯ ಬಗ್ಗೆ ಯಾರೂ ಬರೆದಿಲ್ಲ ಇನ್ನೂ. ಫಿಸಿಯೋ ಕೋಣೆಗೆ ‘ಸ್ನಾಯು ಹಿಡಿದಿದೆ’ ಅಂತ ಬಂದು ತಿಂಗಳುಗಟ್ಟಲೆ ತಿಕ್ಕಿಸಿಕೊಳ್ಳೋದು ಇದೇ ಗಡ್ಡೆ.

ತುಂಗಾ_ದಂಡೆ

ಆಸ್ಟಿಯಾಯ್ಡ್ ಆಸ್ಟಿಯೋಮ. ಜೋಳದ ಕಾಳಿನಷ್ಟೋ ಗೋಲಿಯಷ್ಟೋ, ಸಾಮಾನ್ಯವಾಗಿ 1.5 ಸೆಂ.ಮೀ. ಒಳಗೆ. ಅಷ್ಟು ಚಿಕ್ಕದು ಮಾಡುವ ರಂಪ ನೋಡಬೇಕು. ಅದು ಪ್ರೋಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ಸುರಿಯುತ್ತೆ, ನೋವು ಅದರದ್ದು. ಹಗಲು ಹೇಗೋ ಹೋಗುತ್ತೆ, ರಾತ್ರಿ ಮಗು ಎದ್ದು ಕೂರುತ್ತೆ. ಐಬುಪ್ರೋಫೆನ್ ಕೊಟ್ಟರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಮಾಯ, ಪ್ಯಾರಾಸಿಟಮಾಲಿಗೆ ಅಷ್ಟು ಜಗ್ಗಲ್ಲ. ಹುಡುಗಿಯರಿಗಿಂತ ಹುಡುಗರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಮೋಸ ಎಲ್ಲಾಗುತ್ತೆ ಅಂದರೆ, ಮಂಡಿಯ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. ಗಡ್ಡೆ ತೊಡೆ ಮೂಳೆಯ ಮೇಲ್ತುದಿಯಲ್ಲಿದ್ದು ನೋವು ಮಾತ್ರ ಮಂಡಿಗೆ ಬರಬಹುದು. ಕೀಲಿನೊಳಗಿದ್ದರೆ ನೀರು ತುಂಬಿ ಸಂಧಿವಾತದ ಹಾಗೆ ಕಾಣುತ್ತೆ. ಎಂಆರ್‌ಐ ಮಾಡಿದರೆ ಸುತ್ತಲಿನ ಊತವೇ ಎದ್ದು ಕಂಡು ‘ಸೋಂಕಾ, ಕ್ಯಾನ್ಸರಾ’ ಅಂತ ವರದಿ ಬರುತ್ತೆ. ಇದಕ್ಕೆ ಬೇಕಾದದ್ದು 1 ಮಿ.ಮೀ. ಪದರದ ಸಿ.ಟಿ. ಅದರಲ್ಲಿ ಕಪ್ಪು ಗುಂಡಿ, ನಡುವೆ ಬಿಳಿ ಚುಕ್ಕೆ, ಸುತ್ತ ದಪ್ಪ ಬಿಳಿ ಮೂಳೆ.

ಚಿಕಿತ್ಸೆ ಈಗ ಕೊಯ್ಯದೇ ಆಗುತ್ತೆ. ಅರಿವಳಿಕೆ ಕೊಟ್ಟು, ಸಿ.ಟಿ. ನೋಡಿಕೊಂಡು, ಗಡ್ಡೆಯ ನಡುವಿಗೇ ಸೂಜಿ ಇಳಿಸಿ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 6 ನಿಮಿಷ ಸುಡುತ್ತಾರೆ. ರೇಡಿಯೋ ಫ್ರೀಕ್ವೆನ್ಸಿ ಅಬ್ಲೇಷನ್ ಅಂತ ಹೆಸರು. ಹತ್ತರಲ್ಲಿ ಒಂಬತ್ತು ಮಂದಿಗೆ ಒಂದೇ ಸಲಕ್ಕೆ ಸಾಕು, ಕೆಲವರಿಗೆ ಆ ರಾತ್ರಿಯೇ ನಿದ್ದೆ. ಟಿಬಿಯಾದ ಮುಂಬದಿಯಲ್ಲಿ ಚರ್ಮ ಮೂಳೆಗೆ ಅಂಟಿದ ಹಾಗಿರೋದರಿಂದ ಅಲ್ಲಿ ಚರ್ಮ ಸುಡುವ ಅಪಾಯ ಇದೆ. ನರದಿಂದ 1 ಸೆಂ.ಮೀ. ಆದರೂ ದೂರ ಬೇಕು. ಆಮೇಲೆ ನಡೆಯಬಹುದು, ಓಟ ಜಿಗಿತ ಮಾತ್ರ ಕೆಲವು ವಾರ, ಭಾರ ಹೊರುವ ಜಾಗವಾದರೆ 3 ತಿಂಗಳವರೆಗೂ ಬೇಡ.

ಹೊಳೆಬದಿ

ಮಾತ್ರೆಗೆ ಹೋಗುತ್ತೆ ಅಂದಮೇಲೆ ಮಾತ್ರೆಯಲ್ಲೇ ದಿನ ದೂಡಿದರೆ?

ತುಂಗಾ_ದಂಡೆ

ದೂಡಬಹುದು. ಕೆಲವು ವರ್ಷಗಳಲ್ಲಿ ತಾನೇ ಆರಿಹೋಗೋದೂ ಉಂಟು. ಆದರೆ ವರ್ಷಗಟ್ಟಲೆ ನೋವಿನ ಮಾತ್ರೆ ಹೊಟ್ಟೆಗೂ ಕಿಡ್ನಿಗೂ ಒಳ್ಳೇದಲ್ಲ. ಗ್ರೋತ್ ಪ್ಲೇಟ್ ಹತ್ತಿರ ಇದ್ದರೆ ಆ ಕಾಲು ಉದ್ದವೂ ಆಗಬಹುದು. ಐಬುಪ್ರೋಫೆನ್ ಅಳತೆ ಕೆ.ಜಿ. ತೂಕಕ್ಕೆ 5–10 ಮಿ.ಗ್ರಾಂ., ಊಟ ಆದ ಮೇಲೆ, ಎರಡು ಡೋಸಿನ ನಡುವೆ 6–8 ಗಂಟೆ. 40 ಕೆ.ಜಿ. ಮಗುವಿಗೆ ಒಂದು ಸಲಕ್ಕೆ 200ರಿಂದ 400. 16ರೊಳಗಿನ ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ.

ನಮ್ಮ ಕಡೆಯವರು ಇನ್ನೊಂದು ನೆನಪಿಡಬೇಕು. ಜ್ವರ ಇದ್ದ ದಿನ ಐಬುಪ್ರೋಫೆನ್, ಡೈಕ್ಲೋಫೆನಾಕ್ ಮುಟ್ಟಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ಇಲ್ಲೇ ಸೊರಬದ ಕ್ಯಾಸನೂರು ಕಾಡಿನಲ್ಲಿ, ಈಗಲೂ ಬೇಸಿಗೆಯಲ್ಲಿ ಬರುತ್ತೆ, ಮಳೆಗೆ ಡೆಂಗ್ಯೂ. ಎರಡರಲ್ಲೂ ರಕ್ತಸ್ರಾವದ ಭಯ, ಈ ಮಾತ್ರೆಗಳು ಅದನ್ನು ಹೆಚ್ಚಿಸುತ್ತವೆ.

ಆಟದ_ಬಯಲು

ಮಂಡಿಯಲ್ಲಿ ನೀರು ತುಂಬಿದೆ ಅಂತ ಸೂಜಿ ಹಾಕಿ ತೆಗೆಸ್ತಾರೆ, ತಿಂಗಳಿಗೆ ಮತ್ತೆ ತುಂಬುತ್ತೆ. ಅದೂ ಗಡ್ಡೆ ಇರಬಹುದಾ?

ಗಾಜಿನ_ಚೂರು

ಇರಬಹುದು. ಕಾಂಡ್ರೋಬ್ಲಾಸ್ಟೋಮ. ಮೂಳೆಯ ತುದಿಯಲ್ಲೇ, ಕೀಲಿಗೆ ಅಂಟಿಕೊಂಡು ಕೂರುವ ಅಪರೂಪದ್ದು, ಹೆಚ್ಚಾಗಿ 10–20 ವರ್ಷದವರಲ್ಲಿ. ಕೀಲಿನ ಪಕ್ಕದಲ್ಲಿರೋದರಿಂದ ಕೀಲು ಊದುತ್ತೆ, ಮಡಿಸಕ್ಕಾಗಲ್ಲ, ಟಿ.ಬಿ. ಅಥವಾ ವಾತ ಅಂತ ತಿಂಗಳುಗಟ್ಟಲೆ ಔಷಧಿ ನಡೆಯುತ್ತೆ. ಮಂಡಿನೀರು ಎರಡನೇ ಸಲ ತುಂಬಿದರೆ ಬರೀ ಸೂಜಿ ಹಾಕಿ ಕಳಿಸೋದಲ್ಲ, ಎಕ್ಸ್‌ರೇ ಮತ್ತೆ ನೋಡಿ, ಎಂಆರ್‌ಐ ಮಾಡಿ.

ಇದು ತಾನಾಗಿ ಹೋಗಲ್ಲ. ಕೆರೆದು, ಒಳಗೋಡೆಯನ್ನು ತಿರುಗುವ ಬರ್ ಉಪಕರಣದಿಂದ ಉಜ್ಜಿ, ಮೂಳೆ ತುಂಬಬೇಕು. ಗ್ರೋತ್ ಪ್ಲೇಟ್ ಕೆಡುತ್ತೆ ಅಂತ ಹೆದರಿ ಮೇಲೆ ಮೇಲೆ ಕೆರೆದರೆ ಮತ್ತೆ ಬರುತ್ತೆ. ಸರಿಯಾಗಿ ಮಾಡಿದರೂ ಹತ್ತರಲ್ಲಿ ಒಂದೆರಡು ಮರಳುತ್ತೆ, ಹಾಗಾಗಿ ಕೆಲವು ವರ್ಷ ಎಕ್ಸ್‌ರೇ ತಪ್ಪಿಸಬಾರದು.

ಅನ್ಯೂರಿಸ್ಮಲ್ ಬೋನ್ ಸಿಸ್ಟ್ ಬಗ್ಗೆಯೂ ಹೇಳಿಬಿಡ್ತೇನೆ. ರಕ್ತ ತುಂಬಿದ ಕೋಣೆಗಳು, ಮೂಳೆ ಬಲೂನಿನ ಹಾಗೆ ಉಬ್ಬುತ್ತೆ, ಬೇಗ ಬೆಳೆಯುತ್ತೆ. ಎಂಆರ್‌ಐಯಲ್ಲಿ ಲೋಟದಲ್ಲಿಟ್ಟ ಮಜ್ಜಿಗೆ ತಳ ಕಟ್ಟಿದ ಹಾಗೆ ಮೇಲೆ ತಿಳಿ, ಕೆಳಗೆ ಗಷ್ಟು. ಆದರೆ ಒಂದು ಜಾತಿಯ ಆಸ್ಟಿಯೋಸಾರ್ಕೋಮವೂ ಥೇಟ್ ಹೀಗೇ ಕಾಣುತ್ತೆ. ಆದ್ದರಿಂದ ಇದಕ್ಕೆ ಬಯಾಪ್ಸಿ ಇಲ್ಲದೆ ಚಿಕಿತ್ಸೆ ಇಲ್ಲ, ಅದೂ ಗೋಡೆಯ ಗಟ್ಟಿ ಭಾಗದಿಂದ. ಬರೀ ರಕ್ತ ಹೀರಿ ಕಳಿಸಿದರೆ ನಾವು ಏನು ಹೇಳೋದು?

ಮೀನಖಂಡ

ಅಂದರೆ ಬಯಾಪ್ಸಿ ಯಾವಾಗಲೂ ಸುರಕ್ಷಿತ ದಾರಿ ಅಂತನಾ? ಸಂಶಯ ಇದ್ದರೆ ಮಾಡಿಬಿಡೋದಲ್ವಾ?

ಗಾಜಿನ_ಚೂರು

ಅಲ್ಲ. ಇದರಲ್ಲಿ ನನ್ನ ಮಾತು ಸ್ವಲ್ಪ ಕಟುವಾಗಿದೆ ಅನ್ನಿಸಿದರೂ ಸರಿ. ತೊಡೆ ಮೂಳೆಯ ಹಿಂದೆ ಒಳಬದಿಯಲ್ಲಿ, ಮೀನಖಂಡದ ಸ್ನಾಯು ಅಂಟುವ ಕಡೆ, ಎಳೆತದಿಂದ ಮೂಳೆಯ ಮೇಲ್ಮೈ ಒರಟಾಗಿರುತ್ತೆ. ಕಾರ್ಟಿಕಲ್ ಡೆಸ್ಮಾಯ್ಡ್ ಅಂತಾರೆ. ಅದನ್ನು ಚುಚ್ಚಿ ತೆಗೆದ ಚೂರು ಮೈಕ್ರೋಸ್ಕೋಪಿನಡಿ ಗಾಬರಿ ಹುಟ್ಟಿಸುವ ಹಾಗೆ ಕಾಣಬಹುದು. ಎಕ್ಸ್‌ರೇ ತೋರಿಸದೆ ಬರೀ ಚೂರು ಕಳಿಸಿದರೆ ಇಲ್ಲದ ಕ್ಯಾನ್ಸರ್ ಹುಟ್ಟುತ್ತೆ. ಮೂಳೆಗಡ್ಡೆಯ ವರದಿಯನ್ನು ಎಕ್ಸ್‌ರೇ ಪಕ್ಕದಲ್ಲಿಟ್ಟುಕೊಂಡೇ ಬರೀಬೇಕು.

ಬಯಾಪ್ಸಿ ನಿಜಕ್ಕೂ ಬೇಕಾದಾಗ ಎಂಆರ್‌ಐ ಮೊದಲು. ಚುಚ್ಚಿದ ಮೇಲೆ ರಕ್ತ ಹರಡಿ ಚಿತ್ರ ಕಲಸಿಹೋಗುತ್ತೆ. ಕ್ಯಾನ್ಸರಿನ ಸಂಶಯ ಇದ್ದರೆ, ಮುಂದೆ ದೊಡ್ಡ ಆಪರೇಷನ್ ಮಾಡುವ ತಂಡವೇ ಬಯಾಪ್ಸಿಯನ್ನೂ ಮಾಡಲಿ. ಸೂಜಿ ಹೋದ ದಾರಿಯನ್ನೂ ಗಡ್ಡೆಯ ಜೊತೆ ಕತ್ತರಿಸಿ ತೆಗೆಯಬೇಕಾಗುತ್ತೆ, ತಪ್ಪು ದಾರಿಯಲ್ಲಿ ಹೋದರೆ ಉಳಿಸಬಹುದಾಗಿದ್ದ ಕಾಲು ಉಳಿಯದೇ ಹೋಗಬಹುದು. ಚೂರನ್ನು ಎರಡು ಪಾಲು ಮಾಡಿ: ಒಂದು ಫಾರ್ಮಾಲಿನ್ ಬಾಟಲಿಗೆ ನಮಗೆ, ಇನ್ನೊಂದು ಸಲೈನಿನಲ್ಲಿ ಕಲ್ಚರಿಗೆ (ರೋಗಾಣು ಬೆಳೆಸಿ ನೋಡಲು). ಎಲ್ಲವನ್ನೂ ಫಾರ್ಮಾಲಿನಿಗೆ ಹಾಕಿದರೆ ಟಿ.ಬಿ.ಯೋ ಕೀವೋ ಅಂತ ಪತ್ತೆ ಹಚ್ಚುವ ಅವಕಾಶ ಅಲ್ಲಿಗೇ ಸತ್ತಿತು. ಮೂಳೆಯ ಸುಣ್ಣ ಕರಗಿಸಿದ ಮೇಲೆ ಕತ್ತರಿಸಬೇಕಾದ್ದರಿಂದ ವರದಿಗೆ ವಾರ ಹತ್ತು ದಿನ ಹಿಡಿಯುತ್ತೆ, ನಾಳೆಯೇ ಕೊಡಿ ಅಂದರೆ ಆಗಲ್ಲ. ಬೇರೆ ಊರಿಗೆ ಹೋಗುವವರು ಬರೀ ಕಾಗದ ಒಯ್ಯಬೇಡಿ, ಸ್ಲೈಡು ಮತ್ತು ಮೇಣದ ಬ್ಲಾಕ್ ಕೇಳಿ ಪಡ್ಕೊಳ್ಳಿ.

ಹೊಳೆಬದಿ

ಅಷ್ಟೆಲ್ಲ ಆಗೋ ಮುಂಚೆ ನಮ್ಮವರು ಹೋಗೋದು ನಾಟಿ ವೈದ್ಯರ ಹತ್ತಿರ. ಎಣ್ಣೆ ಹಾಕಿ ನೀವಿ, ಸೊಪ್ಪು ಅರೆದು ಪಟ್ಟು ಕಟ್ಟುತ್ತಾರೆ. ಸುಮ್ಮನೆ ಕೇಳ್ತೇನೆ, ಅದರಿಂದ ತೊಂದರೆ ಏನು?

ಮೀನಖಂಡ

ಉಳುಕಿಗೆ ಮಾಡಿಸಿಕೊಳ್ಳಲಿ, ಅದಕ್ಕೆ ತಕರಾರಿಲ್ಲ. ಆದರೆ ಗಂಟು ಕೈಗೆ ಸಿಕ್ಕರೆ, ಅಥವಾ ರಾತ್ರಿ ನೋವಿದ್ದರೆ, ಎಕ್ಸ್‌ರೇ ನೋಡೋ ತನಕ ಯಾರೂ ತಿಕ್ಕಬಾರದು. ಇದು ಫಿಸಿಯೋಗಳಿಗೂ ಅನ್ವಯ, ನಮ್ಮ ಅಲ್ಟ್ರಾಸೌಂಡ್ ಮೆಷಿನ್ನಿಗೂ ಅನ್ವಯ. ತೆಳುವಾದ ಮೂಳೆ ಜಗ್ಗಿದರೆ ಮುರಿಯುತ್ತೆ. ಒಳಗಿರೋದು ಕೆಟ್ಟದ್ದಾಗಿದ್ದರೆ ನೀವೋದರಿಂದ ಹರಡುವ ಭಯ ಒಂದು, ಬಿಗಿ ಪಟ್ಟಿನಡಿ ಗಂಟು ಬೆಳೆಯೋದು ಕಾಣದೇ ಹೋಗೋದು ಇನ್ನೊಂದು. ಆರು ವಾರದ ಪಟ್ಟು ಅಂದರೆ ಆರು ವಾರ ಕೈ ಬಿಟ್ಟುಹೋಯ್ತು.

ಮೇಷ್ಟ್ರುಗಳು ಮೈದಾನದಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಟೇಲರ್ ಟೇಪು ಸಾಕು. ಮಗುವನ್ನು ಕಾಲು ಚಾಚಿ ಕೂರಿಸಿ, ಮಂಡಿಚಿಪ್ಪಿನ ಮೇಲಂಚಿನಿಂದ 10 ಸೆಂ.ಮೀ. ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಎರಡೂ ತೊಡೆಯ ಸುತ್ತಳತೆ ತೆಗೀರಿ. ಟೇಪು ಬಿಗಿಯಬೇಡಿ, ಸ್ನಾಯು ಸಡಿಲ ಇರಲಿ. ನೋವಿನ ಕಾಲು 1 ಸೆಂ.ಮೀ.ಗಿಂತ ಹೆಚ್ಚು ಸಣ್ಣ ಇದ್ದರೆ ಮಗು ಆ ಕಾಲನ್ನು ವಾರಗಳಿಂದ ತಪ್ಪಿಸಿ ನಡೀತಿದೆ ಅಂತ ಅರ್ಥ, ನಾಟಕ ಅಲ್ಲ.

ಆಪರೇಷನ್ ಆದವರಿಗೆ: ತೊಡೆ ಬಿಗಿದು 10 ಎಣಿಸಿ ಬಿಡುವ ವ್ಯಾಯಾಮ, ಒಂದು ಸಲಕ್ಕೆ 10, ದಿನಕ್ಕೆ ಮೂರು ಸಲ, ಡಾಕ್ಟರು ಬೇಡ ಅನ್ನದಿದ್ದರೆ ಮಾರನೇ ದಿನದಿಂದಲೇ. ಊರುಗೋಲು ಕಂಕುಳಿನಿಂದ ಎರಡು ಮೂರು ಬೆರಳು ಕೆಳಗಿರಬೇಕು, ಭಾರ ಅಂಗೈ ಮೇಲೆ, ಕಂಕುಳಿಗೆ ನೇತುಬಿದ್ದರೆ ಕೈ ಜೋಮು ಹಿಡಿಯುತ್ತೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮಲೆನಾಡಿನ ಮನೆಯ ಅಪಾಯ ಅಂಗಳದ ಪಾಚಿ. ಗೋಲಿನ ಬುಡದ ರಬ್ಬರ್ ಸವೆದಿದ್ದರೆ ಅಲ್ಲಿ ಬಿದ್ದರೆಂದೇ ಲೆಕ್ಕ. ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ, ಅಡಿಕೆ ದಬ್ಬೆಯ ಸಂಕ ದಾಟಿಸಲೇಬೇಡಿ. ಕುಕ್ಕರುಗಾಲಿನ ಕಕ್ಕಸು ಇದ್ದರೆ ಮೇಲೆ ಇಡುವ ಕಮೋಡ್ ಕುರ್ಚಿ ಮೊದಲೇ ತಂದಿಡಿ, ಡಿಸ್ಚಾರ್ಜ್ ಆಗಿ ಬಂದ ರಾತ್ರಿ ಹುಡುಕಬೇಡಿ.

ಹಾಳೆಟೊಪ್ಪಿ (ಆರೋಗ್ಯಮಿತ್ರ)

ಖರ್ಚಿನ ಮಾತು ಯಾರೂ ಎತ್ತಲಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಬರಬೇಕು, ಅಲ್ಲಿ ಆಗದ್ದಕ್ಕೆ ರೆಫರಲ್ ಕೊಡ್ತಾರೆ. ನೇರ ಖಾಸಗಿಗೆ ಹೋಗಿ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೋರಿಸಿದರೆ ಕಷ್ಟ. ತಾಲ್ಲೂಕು ಆಸ್ಪತ್ರೆಯಿಂದ ಶಿವಮೊಗ್ಗದ ಮೆಗ್ಗಾನ್, ಅಲ್ಲಿಂದ ಮುಂದಕ್ಕೆ ಅಂತ ದಾರಿ ಇಟ್ಟುಕೊಳ್ಳಿ. ಕ್ಯಾನ್ಸರ್ ಸಂಶಯ ಆದರೆ ಬೆಂಗಳೂರಿನ ಕಿದ್ವಾಯಿ. ತೀರ್ಥಹಳ್ಳಿ, ಆಗುಂಬೆ ಕಡೆಯವರಿಗೆ ಘಾಟಿ ಇಳಿದರೆ ಮಣಿಪಾಲ.

ಸಿಕ್ಕಿಹಾಕಿಕೊಳ್ಳೋದು ಒಂದೇ ಕಡೆ: ಮಗುವಿನ ಹೆಸರು ರೇಷನ್ ಕಾರ್ಡಿನಲ್ಲಿ ಇರಲ್ಲ, ಅಥವಾ ಆಧಾರಿನಲ್ಲಿ ಒಂದು ಹೆಸರು, ಕಾರ್ಡಿನಲ್ಲಿ ಇನ್ನೊಂದು. ಅಡ್ಮಿಟ್ ಆಗೋ ದಿನ ಸರಿ ಮಾಡಿಸಕ್ಕಾಗಲ್ಲ. ಶಾಲೆಗೆ ಆರ್‌ಬಿಎಸ್‌ಕೆ ತಂಡ ತಪಾಸಣೆಗೆ ಬರುತ್ತಲ್ಲ, ಅವರಿಗೆ ಮಗುವನ್ನು ತೋರಿಸಿ ಬರೆಸಿಕೊಂಡರೂ ದಾರಿ ಸಲೀಸು.

ಆಟದ_ಬಯಲು

ಇಷ್ಟು ಬಂತಲ್ಲ, ಸಾಕು. ಕಡೇ ಪ್ರಶ್ನೆ: ಯಾರನ್ನು ಆಡಿಸಲಿ, ಯಾರನ್ನು ಕೂರಿಸಲಿ?

ತುಂಗಾ_ದಂಡೆ

ಸಣ್ಣ ಫೈಬ್ರೋಮ, ನೋವಿಲ್ಲದ ಆಸ್ಟಿಯೋಕಾಂಡ್ರೋಮ: ಎಲ್ಲ ಆಟ. ಗಂಟು ಮಂಡಿಯ ಬದಿಯಲ್ಲಿ ಎದ್ದು ನಿಂತಿದ್ದರೆ ಖೋಖೋಗೆ ಮಂಡಿಕವಚ ಹಾಕಿಸಿ. ಮೂಳೆಯ ಅರ್ಧ ಅಗಲ ಮೀರಿದ ಗಡ್ಡೆ, ಯಾವುದೇ ಸಿಸ್ಟ್, ಕಾಂಡ್ರೋಬ್ಲಾಸ್ಟೋಮ: ಚಿಕಿತ್ಸೆ ಮುಗಿದು ಎಕ್ಸ್‌ರೇಯಲ್ಲಿ ಮೂಳೆ ತುಂಬಿದ್ದು ಕಾಣುವವರೆಗೆ ಓಟವೂ ಬೇಡ. ಆಸ್‌ಗುಡ್ ಇದ್ದವರನ್ನು ಪೂರ್ತಿ ಕೂರಿಸಬೇಡಿ, ಜಿಗಿತ ಕಡಿಮೆ ಮಾಡಿ. ಇನ್ನೂ ಹೆಸರು ಗೊತ್ತಾಗದ ನೋವಿನ ಮಗುವನ್ನು ಮಾತ್ರ, ಫೈನಲ್ ಇದ್ದರೂ, ಆಡಿಸಬೇಡಿ.

ಕತ್ತಲೆಕೋಣೆ

ಮುಗಿಸೋ ಮುಂಚೆ ಫಿಲ್ಮಿನ ವಿಷಯ. ಆರು ತಿಂಗಳ ಮೇಲೆ ಹೋಲಿಸೋದಕ್ಕೆ ಹಳೇ ಚಿತ್ರ ಬೇಕೇ ಬೇಕು, ಅದಿಲ್ಲದೆ ಗಡ್ಡೆ ಬೆಳೆದಿದೆಯೋ ಕುಗ್ಗಿದೆಯೋ ಹೇಳಕ್ಕಾಗಲ್ಲ. ಮೊಬೈಲಿನಲ್ಲಿ ಕಿಟಕಿಗೆ ಹಿಡಿದು ತೆಗೆದ ಫೋಟೋ ಅಳತೆಗೆ ಬರಲ್ಲ, ಸಿ.ಡಿ. ಕೇಳಿ ಪಡೀರಿ. ಮಳೆಗಾಲದಲ್ಲಿ ಥಂಡಿಗೆ ಫಿಲ್ಮ್ ಅಂಟಿಹೋಗುತ್ತೆ ಅಂತ ಎಷ್ಟೋ ಮನೆಯಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸ್ತಾರೆ, ಹುಣಸೆಹಣ್ಣಿನ ಪಕ್ಕ. ಈಗಿನ ಡ್ರೈ ಫಿಲ್ಮ್ ಬಿಸಿಗೇ ಕಪ್ಪಾಗೋ ಜಾತಿ. ಒಲೆಯ ಶಾಖಕ್ಕೆ ಮೂಳೆಯೂ ಕಾಣಲ್ಲ, ಗಡ್ಡೆಯೂ ಕಾಣಲ್ಲ, ಬರೀ ಕಪ್ಪು ಹಾಳೆ. ಮಧ್ಯೆ ಮಧ್ಯೆ ಒಣ ಕಾಗದ ಇಟ್ಟು ಬೀರುವಿನಲ್ಲಿ, ಬಟ್ಟೆಗಳ ನಡುವೆ ನೆಟ್ಟಗೆ ನಿಲ್ಲಿಸಿ ಇಡಿ.